ತಿಂಗಳಿಗೆ 500 ರೂಪಾಯಿ: ಯುನಿಸೆಫ್‌ಗೋ, ಮಗುವಿನ ಪ್ರಾಯೋಜನೆಗೋ, ಊರಿನ ಮಕ್ಕಳಾಲಯಕ್ಕೋ?

ದಾವಣಗೆರೆಯಲ್ಲಿ ಕೂತು ಮಕ್ಕಳಿಗೆಂದು ತಿಂಗಳಿಗೆ 500 ರೂಪಾಯಿ ಎತ್ತಿಡುವವರಿಗೆ ಮೂರು ದಾರಿಗಳಿವೆ.

ಮೊದಲು, ದುಡ್ಡು ಹೋಗುವುದೆಲ್ಲಿಗೆ? 1946ರಲ್ಲಿ ಶುರುವಾದ, ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್ ನಿಮ್ಮ ಹೆಸರಿಗೆ ಒಂದು ಮಗುವನ್ನು ತೋರಿಸುವುದಿಲ್ಲ. ಲಸಿಕೆ, ಕುಡಿಯುವ ನೀರು, ತೀವ್ರ ಅಪೌಷ್ಟಿಕತೆಗೆ ಕೊಡುವ ಕಡಲೆಬೀಜದ ಪೇಸ್ಟು, ಇವು ಅದರ ಕೆಲಸ. ಆ ಪೇಸ್ಟಿನ 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸುವಂತಿಲ್ಲ, ಕಾಯಿಸುವಂತಿಲ್ಲ, ಹರಿದು ಹಾಗೇ ತಿನ್ನಿಸುವುದು. ಕೊಳಕು ನೀರಿನ ಊರಲ್ಲಿ ಅದೇ ದೊಡ್ಡ ಅನುಕೂಲ.

ಪ್ರಾಯೋಜನೆ ಅಂದರೆ ಒಂದು ಮಗುವಿನ ಹೆಸರಲ್ಲಿ ಸಂಸ್ಥೆಗೆ ತಿಂಗಳು ತಿಂಗಳು ಹಣ ಕೊಡುವುದು. ಇದರಲ್ಲಿ ಆ ಮಗುವಿನ ಫೋಟೊ, ಪತ್ರ ಬರುತ್ತವೆ. ಹಣ ಮಾತ್ರ ಬಹುತೇಕ ಕಡೆ ಇಡೀ ಊರಿನ ಶಾಲೆ, ಆರೋಗ್ಯಕ್ಕೆ ಸೇರುತ್ತದೆ. ಇದು ತಿಳಿಯದೆ ಸೇರಿದವರೇ ಆಮೇಲೆ ಬೇಸರಪಡುವುದು.

ಆಸರೆಯಿಲ್ಲದ ಮಕ್ಕಳನ್ನು ಇಟ್ಟು ಸಾಕುವ ಮಕ್ಕಳಾಲಯವಾದರೆ ಕಣ್ಣಾರೆ ನೋಡಬಹುದು. ಬಾಲ ನ್ಯಾಯ ಕಾಯ್ದೆಯ ನೋಂದಣಿ ಪತ್ರ ಕೇಳಿ. ಹುಟ್ಟುಹಬ್ಬಕ್ಕೆ ಕೇಕು ಬೇಡ, ಸೋಪು ಒಯ್ಯಿರಿ.

ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2000 ರೂಪಾಯಿ ಮೀರಿದ ನಗದು ದಾನಕ್ಕೆ, ಅಕ್ಕಿ-ಬಟ್ಟೆಯಾಗಿ ಕೊಟ್ಟದ್ದಕ್ಕೆ ಅದು ಇಲ್ಲ.

ಸಂಬಳದವರಿಗೆ ಆಟೊಪೇ, ಅಂದರೆ ತಿಂಗಳು ತಿಂಗಳು ಖಾತೆಯಿಂದ ತಾನೇ ಹಣ ಕಡಿತವಾಗುವ ಏರ್ಪಾಡು, ಸಲೀಸು; ಯುನಿಸೆಫ್ ಒಗ್ಗುತ್ತದೆ. ವರ್ಷಗಟ್ಟಲೆ ನಂಟು ಬೇಕೆನ್ನುವವರಿಗೆ ಪ್ರಾಯೋಜನೆ. ಮೆಕ್ಕೆಜೋಳ ಮಾರಿದಾಗಷ್ಟೇ ಕೈಯಲ್ಲಿ ಕಾಸಾಡುವವರು ಮಕ್ಕಳಾಲಯಕ್ಕೇ ಕೊಡಲಿ. ಖಾತೆ ಖಾಲಿಯಿದ್ದಾಗ ಕಂತು ಬೌನ್ಸಾದರೆ ಬ್ಯಾಂಕು ದಂಡ ಹಾಕೀತು.