ಅಗ್ಗದ ಹೋಸ್ಟಿಂಗ್ ಪ್ಲಾನ್, ಕೆಲವು ವರ್ಷಗಳ ಬಳಕೆಯ ನಂತರ: ಸರ್ವರ್‌ಗೆ ನಾಲ್ಕು ಸ್ಟಾರ್, ಸಪೋರ್ಟ್‌ಗೆ ಎರಡು

ಒಂದು ವೆಬ್ ಹೋಸ್ಟಿಂಗ್ ಕಂಪನಿಯ (ನಮ್ಮ ಸೈಟನ್ನು ತನ್ನ ಸರ್ವರ್ ಯಂತ್ರದಲ್ಲಿಟ್ಟು ಇಂಟರ್ನೆಟ್ಟಿನಲ್ಲಿ ತೋರಿಸುವ ಕಂಪನಿ) ಅತಿ ಅಗ್ಗದ ಪ್ಲಾನನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದರಲ್ಲಿ ನನ್ನದೊಂದು ಚಿಕ್ಕ ಸೈಟ್ ಇದೆ. ಅದೇ ಹೆಸರಿನ ಇಮೇಲ್ ಕೂಡ ಅಲ್ಲೇ ಇತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಅಗ್ಗದ ಪ್ಲಾನುಗಳ ಹಣೆಬರಹ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ, ಹಾಗಾಗಿ ನೀವು ಯಾರ ಹತ್ತಿರ ತಗೊಂಡರೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಸರ್ವರ್ ವಿಷಯ ಮುಗಿಸಿಬಿಡುತ್ತೇನೆ. ದೊಡ್ಡ ದೂರೇನೂ ಇಲ್ಲ. ಶೇರ್ಡ್ ಹೋಸ್ಟಿಂಗ್ ಅಂದರೆ ಒಂದೇ ಯಂತ್ರದಲ್ಲಿ ನೂರಾರು ಸೈಟ್‌ಗಳು ಇರುತ್ತವೆ. ಪಕ್ಕದವರ ಸೈಟಿಗೆ ಜನ ಮುಗಿಬಿದ್ದರೆ ನಮ್ಮದು ತೆವಳುತ್ತದೆ. ಗೊತ್ತಿದ್ದೇ ತಗೊಂಡಿದ್ದು. ಶೇ. 99.9 ಅಪ್‌ಟೈಮ್ ಅಂತ ದೊಡ್ಡದಾಗಿ ಬರೆದಿದ್ದಾರೆ, ಅಂದರೆ ಅಷ್ಟು ಹೊತ್ತು ಸೈಟ್ ಎದ್ದಿರುತ್ತದೆ ಅಂತ. ಲೆಕ್ಕ ಹಾಕಿದರೆ 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ, ವರ್ಷಕ್ಕೆ ಒಂಬತ್ತು ಗಂಟೆಗಿಂತ ಸ್ವಲ್ಪ ಕಮ್ಮಿ ಸೈಟ್ ಮಲಗಿದರೂ ಅವರು ಮಾತು ತಪ್ಪಿದ ಹಾಗಲ್ಲ. ಅದಕ್ಕಿಂತ ಜಾಸ್ತಿ ಮಲಗಿದರೆ ನಾವು ಕಟ್ಟಿದ ದುಡ್ಡಿನಲ್ಲಿ ಒಂದು ಪಾಲನ್ನು ಮುಂದಿನ ಬಿಲ್ಲಿನಲ್ಲಿ ಕಮ್ಮಿ ಮಾಡುತ್ತಾರೆ. ಅಗ್ಗದ ಪ್ಲಾನಿನಲ್ಲಿ ಆ ಪಾಲು ಎಷ್ಟು ಚಿಕ್ಕದೆಂದರೆ, ಅದಕ್ಕಾಗಿ ಅರ್ಜಿ ಬರೆದು ಕೂತ ಹೊತ್ತಿಗೂ ಸಮ ಆಗುವುದಿಲ್ಲ. ಇರಲಿ, ಅಂಥ ಪ್ರಸಂಗ ಬಂದದ್ದೂ ಅಪರೂಪ.

ಈಗ ಸಪೋರ್ಟ್.

ಇವರಲ್ಲಿ ಮೂರು ಮೆಟ್ಟಿಲು. ಕೆಳಗಿನ ಪ್ಲಾನಿನವರಿಗೆ ಚಾಟ್‌ಬಾಟ್ ಮತ್ತು ಟಿಕೆಟ್, ಅಂದರೆ ಬರೆದು ಹಾಕುವ ದೂರು. ಮಧ್ಯದವರಿಗೆ ಮನುಷ್ಯರ ಜೊತೆ ಚಾಟ್. ಮೇಲಿನವರಿಗೆ ಫೋನ್, ಜೊತೆಗೆ ಸರದಿಯಲ್ಲಿ ಮುಂದಿನ ಜಾಗ. ಇದನ್ನು ಮುಚ್ಚಿಟ್ಟಿಲ್ಲ, ಪ್ಲಾನ್ ಕೊಳ್ಳುವ ಪುಟದಲ್ಲೇ ಇದೆ. ಕಾಸಿಗೆ ತಕ್ಕ ಕಜ್ಜಾಯ, ತಕರಾರಿಲ್ಲ. ಸಪೋರ್ಟ್‌ನವರ ಒಂದು ಗಂಟೆಗೆ ಕಂಪನಿ ಕೊಡುವ ಸಂಬಳ ನಾನು ಕೇಳಿದರೂ ಅಷ್ಟೇ, ದೊಡ್ಡ ಗಿರಾಕಿ ಕೇಳಿದರೂ ಅಷ್ಟೇ. ನನ್ನ ಪ್ಲಾನಿನಲ್ಲಿ ಒಂದು ಉದ್ದನೆಯ ಕರೆ ಸಾಕು, ನನ್ನಿಂದ ಬರುವ ಲಾಭವೆಲ್ಲ ಕರಗಿಹೋಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಮೆನು ಹೇಗೆ ಬದಲಾಯಿಸೋದು ಅಂತ ಕೇಳಲು ನನಗೆ ಫೋನ್ ಕೊಡಿ ಎಂದರೆ ಅದು ಅತಿಯಾಸೆ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಒಂದು ಸಲ ನಾನು ಕಳಿಸಿದ ಮೇಲ್‌ಗಳು ಜನರಿಗೆ ತಲುಪುವುದು ನಿಂತುಹೋಯಿತು. ಕೆಲವು ಸ್ಪ್ಯಾಮ್‌ಗೆ ಬಿದ್ದವು, ಕೆಲವು ವಾಪಸ್ ಬಂದವು. ವಾಪಸ್ ಬಂದ ಇಮೇಲಿನ ಕೆಳಗೆ ಕಾರಣ ಸ್ಪಷ್ಟವಾಗಿತ್ತು: ಕಳಿಸಿದ ಸರ್ವರಿನ ಐಪಿ ವಿಳಾಸ ಬ್ಲಾಕ್‌ಲಿಸ್ಟ್‌ನಲ್ಲಿದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಲ್ಲರ ಮೇಲ್ ಒಂದೇ ಐಪಿಯಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಒಂದೇ ನಂಬರಿನಿಂದ, ಹೊರಗೆ ಹೋಗುತ್ತದೆ. ಸ್ಪ್ಯಾಮ್ ಕಳಿಸುವ ಇಂಥ ವಿಳಾಸಗಳ ಪಟ್ಟಿಯೇ ಬ್ಲಾಕ್‌ಲಿಸ್ಟ್. ನಮ್ಮಂತೆಯೇ ಅಲ್ಲಿರುವ ಯಾರೋ ಒಬ್ಬರು ಸ್ಪ್ಯಾಮ್ ಕಳಿಸಿದರೆ, ಅಥವಾ ಅವರ ಸೈಟ್ ಹ್ಯಾಕ್ ಆಗಿ ತಾನಾಗೇ ಕಳಿಸಿದರೆ, ಎಲ್ಲರಿಗೂ ಏಟು.

ಚಾಟ್‌ಬಾಟ್‌ಗೆ ಹೇಳಿದೆ. ಬ್ರೌಸರಿನ ಕ್ಯಾಶೆ ಅಳಿಸಿ ನೋಡಿ ಅಂದಿತು. ಟಿಕೆಟ್ ಹಾಕಿದೆ. ಮಾರನೇ ದಿನ ಎಸ್‌ಪಿಎಫ್ ಮತ್ತು ಡಿಕಿಮ್ ಹೇಗೆ ಹಾಕಬೇಕು ಅನ್ನುವ ಉದ್ದನೆಯ ಲೇಖನ ಬಂತು. ಮೇಲ್ ನಿಜವಾಗಿ ನಮ್ಮ ಹೆಸರಿನಿಂದಲೇ ಬಂದಿದೆ ಎಂದು ಸಾಬೀತು ಮಾಡುವ ದಾಖಲೆಗಳು ಅವು. ನನ್ನವು ಎರಡೂ ಸರಿಯಾಗಿದ್ದವು. ಇಮೇಲಿನ ಹೆಡರಿನಲ್ಲಿ (ಮೇಲ್ ಸಾಗಿದ ದಾರಿಯ ವಿವರವಿರುವ ಸಾಲುಗಳಲ್ಲಿ) ಎರಡರ ಮುಂದೆಯೂ ‘ಪಾಸ್’ ಅಂತಲೇ ಇತ್ತು. ಆ ಹೆಡರನ್ನೇ ಅಂಟಿಸಿ ಕಳಿಸಿದೆ. ಈ ಸಲ ಬೇರೊಬ್ಬರು ಉತ್ತರ ಕೊಟ್ಟರು, ಅದೇ ಲೇಖನ! ಬ್ಲಾಕ್‌ಲಿಸ್ಟ್‌ನ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ ಮತ್ತೆ ಕೇಳಿದೆ. ಆಗ ಬಂದ ಉತ್ತರ: “ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಮೇಲಿನ ಪ್ಲಾನಿನಲ್ಲಿ ಡೆಡಿಕೇಟೆಡ್ ಐಪಿ ಸಿಗುತ್ತದೆ. ದಯವಿಟ್ಟು ಅಪ್‌ಗ್ರೇಡ್ ಮಾಡಿಕೊಳ್ಳಿ.” ಡೆಡಿಕೇಟೆಡ್ ಅಂದರೆ ನಮಗೊಬ್ಬರಿಗೇ ಮೀಸಲಾದದ್ದು.

ಬಾಡಿಗೆ ಮನೆಯ ಸೂರು ಸೋರುತ್ತಿದೆ ಅಂದರೆ, ಪಕ್ಕದ ದೊಡ್ಡ ಮನೆಗೆ ಬನ್ನಿ ಅಂದ ಹಾಗಾಯಿತು.

ಸಪೋರ್ಟ್ ಅನ್ನುವ ಒಂದೇ ಪೆಟ್ಟಿಗೆಯಲ್ಲಿ ಎರಡು ಬೇರೆ ಸಾಮಾನು ತುಂಬಿದ್ದಾರೆ. ಒಂದು, ನನಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವುದು. ಇನ್ನೊಂದು, ಅವರದ್ದು ಕೆಟ್ಟಿದ್ದನ್ನು ಸರಿಮಾಡುವುದು. ಮೊದಲನೆಯದಕ್ಕೆ ದುಡ್ಡಿನ ಮೇಲೆ ಮೆಟ್ಟಿಲು ಹಾಕಲಿ, ಬೇಡ ಅನ್ನೋದಿಲ್ಲ. ಎರಡನೆಯದಕ್ಕೆ ನಾನು ಪ್ಲಾನ್ ಕೊಂಡಾಗಲೇ ದುಡ್ಡು ಕೊಟ್ಟಾಗಿದೆ ಅಲ್ವಾ? ಪ್ಲಾನಿನ ಪಟ್ಟಿಯಲ್ಲಿ ಇಮೇಲ್ ಇದೆ. ಹೋಗದ ಇಮೇಲ್ ಅಗ್ಗದ ಇಮೇಲ್ ಅಲ್ಲ, ಇಮೇಲೇ ಅಲ್ಲ.

ವಿಮಾನದ ವಿಷಯದಲ್ಲಿ ಯುರೋಪ್ ಒಕ್ಕೂಟ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. 2004ರಲ್ಲಿ ಮಾಡಿ 2005ರ ಫೆಬ್ರವರಿಯಿಂದ ಜಾರಿಗೆ ಬಂದ 261ನೇ ನಿಯಮದ ಪ್ರಕಾರ, ವಿಮಾನ ಕಂಪನಿ ತನ್ನ ಕಾರಣದಿಂದ ಕೊನೇ ಗಳಿಗೆಯಲ್ಲಿ ಹಾರಾಟ ರದ್ದು ಮಾಡಿದರೆ ಪ್ರಯಾಣಿಕರಿಗೆ 250ರಿಂದ 600 ಯೂರೋವರೆಗೆ ಪರಿಹಾರ ಕೊಡಬೇಕು. ಮೊತ್ತ ಗೊತ್ತಾಗುವುದು ದೂರದ ಲೆಕ್ಕದಲ್ಲಿ, ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ ಅನ್ನುವುದರ ಮೇಲಲ್ಲ. ಹಾಗಾಗಿ ಅಗ್ಗದ ಟಿಕೆಟ್‌ನವರಿಗೆ ಕೊಟ್ಟ ದುಡ್ಡಿಗಿಂತ ಪರಿಹಾರವೇ ಜಾಸ್ತಿ ಆಗುವುದುಂಟು. ಸೀಟು ಇಕ್ಕಟ್ಟು, ಬ್ಯಾಗಿಗೆ ಬೇರೆ ದುಡ್ಡು, ಅದೆಲ್ಲ ಕಂಪನಿಯ ಇಷ್ಟ. ಹೋಗಬೇಕಾದ ಊರಿಗೆ ಹೋಗದಿದ್ದರೆ ಮಾತ್ರ ಎಲ್ಲರಿಗೂ ಒಂದೇ ತಕ್ಕಡಿ.

ಸರದಿಯಲ್ಲಿ ಮುಂದಿನ ಜಾಗ ಅಂದೆನಲ್ಲ, ಅದರ ಲೆಕ್ಕವನ್ನೂ ಒಮ್ಮೆ ನೋಡಿ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳ ಬಗ್ಗೆ ಶುರುಮಾಡಿದ ಗಣಿತ ಇದು. ಕಾಲ್ ಸೆಂಟರ್‌ಗಳು ಎಷ್ಟು ಜನರನ್ನು ಕೂರಿಸಬೇಕು ಅಂತ ಈಗಲೂ ಅದರಿಂದಲೇ ಲೆಕ್ಕ ಹಾಕುತ್ತವೆ. ಒಬ್ಬರೇ ಸಿಬ್ಬಂದಿ, ಒಂದು ಸಮಸ್ಯೆಗೆ ಸರಾಸರಿ 10 ನಿಮಿಷ, ಕೆಲಸದ ಹೊತ್ತಿನಲ್ಲಿ ಶೇ. 90ರಷ್ಟು ಕೈತುಂಬಾ ಕೆಲಸ ಅಂದುಕೊಳ್ಳಿ. ಬಂದವರನ್ನು ಬಂದ ಸರದಿಯಲ್ಲೇ ನೋಡಿದರೆ ಪ್ರತಿಯೊಬ್ಬರೂ ಸರಾಸರಿ 90 ನಿಮಿಷ ಕಾಯುತ್ತಾರೆ. ಈಗ ಮೂರರಲ್ಲೊಂದು ಪಾಲು ಜನಕ್ಕೆ ಮುಂದಿನ ಜಾಗ ಕೊಡಿ. ಅವರು ಕಾಯುವುದು ಸುಮಾರು 13 ನಿಮಿಷಕ್ಕೆ ಇಳಿಯುತ್ತದೆ. ಉಳಿದವರದು 129 ನಿಮಿಷಕ್ಕೆ ಏರುತ್ತದೆ. ಒಟ್ಟು ಸರಾಸರಿ ಮತ್ತೆ 90ರಲ್ಲೇ ನಿಲ್ಲುತ್ತದೆ. ಒಬ್ಬರನ್ನೂ ಹೊಸದಾಗಿ ಕೆಲಸಕ್ಕೆ ತಗೊಳ್ಳದೆ ‘ಪ್ರಯಾರಿಟಿ ಸಪೋರ್ಟ್’ ಮಾರಿದರೆ, ಅವರು ಮಾರುತ್ತಿರುವುದು ನನ್ನ ಸಮಯವನ್ನು. ಪ್ಲಾನ್ ತಗೊಂಡಾಗ ಇದ್ದ ಸೇವೆಯೂ ಮೇಲಿನ ಮೆಟ್ಟಿಲಲ್ಲಿ ಜನ ತುಂಬಿದ ಹಾಗೆಲ್ಲ ಸದ್ದಿಲ್ಲದೆ ಸೊರಗುತ್ತದೆ. ನನ್ನ ಟಿಕೆಟ್‌ಗಳಿಗೆ ಮೊದಲ ವರ್ಷ ಅದೇ ದಿನ ಉತ್ತರ ಬರುತ್ತಿತ್ತು. ಆಮೇಲೆ ಮಾರನೇ ದಿನವಾಯಿತು. ಬೆಲೆ ಮಾತ್ರ ಒಂದು ಸಲವೂ ಇಳಿಯಲಿಲ್ಲ.

ಕೈ ಸಾಲದೆ ನಿಧಾನವಾಗುವುದು ಒಂದು. ಬೇಕಂತಲೇ ನಿಧಾನ ಮಾಡುವುದು ಇನ್ನೊಂದು. 1990ರಲ್ಲಿ ಐಬಿಎಂ ಒಂದು ಅಗ್ಗದ ಲೇಸರ್ ಪ್ರಿಂಟರ್ ತಂದಿತ್ತು. ದುಬಾರಿಯದು ನಿಮಿಷಕ್ಕೆ 10 ಪುಟ ಮುದ್ರಿಸಿದರೆ ಇದು 5. ಯಂತ್ರ ಹೆಚ್ಚುಕಮ್ಮಿ ಅದೇ. ಕಾಯಿಸಲೆಂದೇ ಇದರಲ್ಲಿ ಏರ್ಪಾಡು ಮಾಡಿದ್ದರು. ಇವರ ಸೈಟಿನಲ್ಲಿ ಟಿಕೆಟ್ ಬಟನ್ ಹುಡುಕುವಾಗ ನನಗೆ ಅದೇ ನೆನಪಾಗುತ್ತದೆ. ಮೊದಲು ಲೇಖನಗಳು, ಆಮೇಲೆ ಬಾಟ್, ಆಮೇಲೆ ‘ಇದು ಸಹಾಯವಾಯಿತೇ?’, ಇಲ್ಲ ಅಂದರೆ ಮತ್ತೆ ಲೇಖನಗಳು. ಅಷ್ಟು ದಾಟಿದ ಮೇಲೆ ತೀರಾ ಕೆಳಗೆ ಬೂದು ಬಣ್ಣದಲ್ಲಿ ಒಂದು ಲಿಂಕ್. ಈ ಸುತ್ತುದಾರಿ ಕಟ್ಟಲಿಕ್ಕೂ ದುಡ್ಡು ಖರ್ಚಾಗಿರುತ್ತದೆ! ಹೊಸ ಪ್ಲಾನ್ ಕೊಳ್ಳುವ ಪುಟದಲ್ಲಿ ಮಾತ್ರ ಮನುಷ್ಯರೇ ಚಾಟ್‌ಗೆ ಬರುತ್ತಾರೆ, ಅದೂ ನಿಮಿಷದೊಳಗೆ.

ಅಗ್ಗದ್ದು ಹೀಗೇ ಇರಬೇಕೆಂದೇನೂ ಇಲ್ಲ. ಇದೇ ಸರ್ವರಿನಲ್ಲಿ ನನ್ನ ಸೈಟಿಗೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟಿಗೂ ಓದುಗರ ಬ್ರೌಸರಿಗೂ ನಡುವೆ ಹೋಗುವುದನ್ನು ಗುಟ್ಟಾಗಿಡಲು ಬೇಕಾದದ್ದು) ಸಿಗುವುದು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ, ಬಿಡಿಗಾಸೂ ಇಲ್ಲದೆ. ಲಾಭಕ್ಕಲ್ಲದ ಸಂಸ್ಥೆ ಅದು, 2015ರ ಕೊನೆಯಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. 90 ದಿನದ ಸರ್ಟಿಫಿಕೇಟ್, ಅವಧಿ ಮುಗಿಯುವ ಮೊದಲೇ ಸಾಫ್ಟ್‌ವೇರ್ ತಾನಾಗೇ ಹೊಸದನ್ನು ತರುತ್ತದೆ. ಅವರಲ್ಲಿ ಫೋನ್ ಸಪೋರ್ಟ್ ಇಲ್ಲವೇ ಇಲ್ಲ. ಕೇಳುವುದಿದ್ದರೆ ಬಳಕೆದಾರರೇ ಒಬ್ಬರಿಗೊಬ್ಬರು ಉತ್ತರ ಕೊಡುವ ವೇದಿಕೆ ಇದೆ. ತಮ್ಮ ಸರ್ವರಿನಲ್ಲಿ ಏನಾದರೂ ಕೆಟ್ಟರೆ ಸ್ಟೇಟಸ್ ಪುಟದಲ್ಲಿ ಹಾಕುತ್ತಾರೆ. ನನಗೆ ಒಮ್ಮೆಯೂ ಕೀಳಾಗಿ ನೋಡಿದರು ಅನ್ನಿಸಿಲ್ಲ. ನನ್ನ ಹೋಸ್ಟಿಂಗ್‌ನವರೂ ಅವತ್ತು ‘ಈ ಐಪಿ ಬ್ಲಾಕ್ ಆಗಿದೆ, ತೆಗೆಸುತ್ತಿದ್ದೇವೆ’ ಅಂತ ಒಂದು ಸಾಲು ಹಾಕಿದ್ದರೆ ನಾನು ಟಿಕೆಟ್ಟೇ ಹಾಕುತ್ತಿರಲಿಲ್ಲ. ಆ ಸಾಲನ್ನು ಒಬ್ಬರು ಓದಿದರೂ ಸಾವಿರ ಜನ ಓದಿದರೂ ಖರ್ಚು ಒಂದೇ.

ಕೊನೆಗೆ ಸರಿಮಾಡಿದವರೂ ಅದೇ ಸಪೋರ್ಟ್‌ನವರೇ, ಅದನ್ನೂ ಹೇಳಬೇಕು. ರಾತ್ರಿ ಪಾಳಿಯ ಯಾರೋ ಒಬ್ಬರು ಟಿಕೆಟ್ ಪೂರ್ತಿ ಓದಿದರು. ಎರಡೇ ಸಾಲಿನ ಉತ್ತರ: ನಿಮ್ಮ ಅಕೌಂಟಿನ ಮೇಲ್ ಬೇರೆ ಐಪಿಗೆ ಬದಲಾಯಿಸಿದ್ದೇನೆ, ಒಮ್ಮೆ ಕಳಿಸಿ ನೋಡಿ. ಹೋಯಿತು. ಕಷ್ಟದ ಕೆಲಸವೇನೂ ಆಗಿರಲಿಲ್ಲ. ಒಂದು ಟಿಕೆಟ್ಟಿಗೆ ಇಷ್ಟೇ ನಿಮಿಷ ಅಂತ ಗಡಿಯಾರ ಇಟ್ಟರೆ ಮೊದಲಿನವರು ಲೇಖನ ಅಂಟಿಸದೆ ಇನ್ನೇನು ಮಾಡಿಯಾರು? ಅವರ ಮೇಲೆ ನನಗೆ ಸಿಟ್ಟಿಲ್ಲ.

ಈಗ ಇಮೇಲನ್ನು ಬೇರೆ ಕಡೆಗೆ ಸಾಗಿಸಿದ್ದೇನೆ, ಸೈಟ್ ಅಲ್ಲೇ ಇದೆ. ಚಿಕ್ಕ ಸೈಟಿಗೆ, ತನ್ನ ಕೆಲಸ ತಾನೇ ಮಾಡಿಕೊಳ್ಳುವವರಿಗೆ ಈ ಪ್ಲಾನ್ ಧಾರಾಳ ಸಾಕು. ಬ್ಯಾಕಪ್ ಮಾತ್ರ ನಿಮ್ಮ ಕಂಪ್ಯೂಟರಿನಲ್ಲೂ ಒಂದು ಇರಲಿ. ವ್ಯವಹಾರದ ಮೇಲ್ ಇದರ ಮೇಲೆ ನಿಂತಿದೆ ಅಂದರೆ ತಗೋಬೇಡಿ. ಹಾಗಂತ ಮೇಲ್ ಸರಿಹೋಗುತ್ತದೆ ಅಂದುಕೊಂಡು ಮೇಲಿನ ಪ್ಲಾನಿಗೂ ಹೋಗಬೇಡಿ. ಅದರ ವಿವರವನ್ನು ಆಮೇಲೆ ಪೂರ್ತಿ ಓದಿದೆ. ಆ ಡೆಡಿಕೇಟೆಡ್ ಐಪಿ ಸೈಟಿಗೆ ಮಾತ್ರ. ಮೇಲ್ ಹೊರಗೆ ಹೋಗುವುದು ಅಲ್ಲೂ ಎಲ್ಲರ ಜೊತೆ ಹಂಚಿಕೊಂಡ ಸರ್ವರಿನಿಂದಲೇ.