ಶಾಸಕರನ್ನು ಫೋನಿನಲ್ಲಿ ಹುಡುಕಿದ ಅನುಭವ: ಮೂರು ಜಾಲತಾಣಗಳು, ಒಂದು ಫೇಸ್‌ಬುಕ್ ಪುಟ

ನಮ್ಮ ಮಾವನವರ ಹೊಲ ಬೆಣ್ಣಿಹಳ್ಳದ ದಂಡೆಗಿದೆ. ಎರೆಭೂಮಿ, ಹಳ್ಳದ ನೀರು ಒಮ್ಮೆ ಒಳನುಗ್ಗಿ ನಿಂತಿತೆಂದರೆ ಹೆಸರು, ಉಳ್ಳಾಗಡ್ಡಿ ಯಾವುದೂ ಕೈಗೆ ಹತ್ತುವುದಿಲ್ಲ. ಹೋದ ಮಳೆಗಾಲದಲ್ಲಿ ಹಾಗೆಯೇ ಆದಾಗ, ಹುಬ್ಬಳ್ಳಿಯಿಂದ ನೋಡಲು ಹೋಗಿದ್ದ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: “ಅಳಿಯಂದ್ರ, ದಿನಾ ಆ ಫೋನ್ ನೋಡತೀರಿ. ನಮ್ಮ ಎಮ್ಮೆಲ್ಲೆ ಬೆಂಗಳೂರಾಗ ಈ ಹಳ್ಳದ್ದೇನರ ಮಾತಾಡ್ಯಾರೋ ಇಲ್ಲೋ, ಅದರಾಗ ಬರತೈತೇನು ನೋಡ್ರಿ.” ಬರುತ್ತದೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಆ ಮಾತು ಉಳಿಸಿಕೊಳ್ಳಲು ಹಲವು ಸಂಜೆಗಳನ್ನು ಕಳೆದ ಮೇಲೆ, ಜನಪ್ರತಿನಿಧಿಗಳ ಮಾಹಿತಿ ಕೊಡುವ ತಾಣಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬ ಅಂದಾಜು ನನಗೆ ಸಿಕ್ಕಿದೆ. ಶಾಸಕರ ಹೆಸರನ್ನಾಗಲಿ ಕ್ಷೇತ್ರವನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬೆಣ್ಣಿಹಳ್ಳ ಒಂದೇ ಕ್ಷೇತ್ರದ ಸ್ವತ್ತಲ್ಲ. ಮಲಪ್ರಭೆಯನ್ನು ಸೇರುವ ಮೊದಲು ಅದು ಹಲವು ತಾಲೂಕುಗಳ ಹೊಲಗಳನ್ನು ತೊಯ್ಯಿಸಿಕೊಂಡು ಹೋಗುತ್ತದೆ.

ಮೊದಲು ತೆರೆದದ್ದು ಮೈನೇತಾ. ಇದನ್ನು ನಡೆಸುವ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆಯನ್ನು 1999ರಲ್ಲಿ ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು ಹುಟ್ಟುಹಾಕಿದರು. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾಭ್ಯಾಸ ಮತ್ತು ಕ್ರಿಮಿನಲ್ ಪ್ರಕರಣಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟದ್ದು ಇವರು ಹೂಡಿದ್ದ ದಾವೆಯಿಂದಲೇ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವನ್ನು ಇಲ್ಲಿ ಅಂಕಣಗಳಾಗಿ ಬಿಡಿಸಿ ಇಟ್ಟಿದ್ದಾರೆ: ಪಿತ್ರಾರ್ಜಿತ ಹೊಲ, ಖರೀದಿಸಿದ ನಿವೇಶನ, ಬಂಗಾರದ ತೂಕ, ವಾಹನ, ಬ್ಯಾಂಕಿನ ಸಾಲ. ಎರಡು ಚುನಾವಣೆಗಳ ಪ್ರಮಾಣಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಡುವಿನ ಐದು ವರ್ಷಗಳಲ್ಲಿ ಏನೇನು ಬೆಳೆದಿದೆ ಎಂಬುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಆದರೆ ಪ್ರಕರಣಗಳ ಸಂಖ್ಯೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು. ಕಳಸಾ-ಬಂಡೂರಿಗಾಗಿ ರಸ್ತೆ ತಡೆ ನಡೆಸಿದವರ ಮೇಲೆ 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯಡಿ ಬೀಳುತ್ತಿದ್ದ ಅಕ್ರಮ ಕೂಟದ 143ನೇ ಕಲಮೂ, ವಂಚನೆಯ 420ನೇ ಕಲಮೂ ಒಟ್ಟು ಲೆಕ್ಕದಲ್ಲಿ ಒಂದೊಂದೇ ಅಂಕಿಯಾಗಿ ಕೂಡುತ್ತವೆ. ನಮ್ಮ ಭಾಗದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಇದೆಲ್ಲವೂ ಅಭ್ಯರ್ಥಿ ತಾನೇ ಘೋಷಿಸಿದ್ದು, ಅದೂ ನಾಮಪತ್ರ ಸಲ್ಲಿಸಿದ ದಿನದ್ದು. 2023ರ ಮೇ 10ರಂದು ನಾವು ಮತ ಹಾಕಿ ಬಂದ ಮೇಲೆ ಅವರು ಮಾಡಿದ್ದೇನು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಹಳ್ಳದ ವಿಷಯವಂತೂ ಅಲ್ಲಿ ಬರುವ ಸಂಭವವೇ ಇರಲಿಲ್ಲ.

ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ 2005ರಿಂದ ಶಾಸನಸಭೆಗಳ ಕೆಲಸವನ್ನು ಬೆನ್ನುಹತ್ತಿ ದಾಖಲಿಸುತ್ತಿರುವ ಸಂಸ್ಥೆ. ಪ್ರತಿ ಸಂಸದರಿಗೂ ಅದು ಒಂದೊಂದು ಪುಟ ಇಟ್ಟಿದೆ: ಹಾಜರಾತಿ, ಭಾಗವಹಿಸಿದ ಚರ್ಚೆಗಳು, ಕೇಳಿದ ಪ್ರಶ್ನೆಗಳು, ಮಂಡಿಸಿದ ಖಾಸಗಿ ವಿಧೇಯಕಗಳು, ಜೊತೆಗೆ ದೇಶದ ಮತ್ತು ರಾಜ್ಯದ ಸರಾಸರಿ. ಹಾವೇರಿಯ ಸಂಸದ ಬಸವರಾಜ ಬೊಮ್ಮಾಯಿಯವರ ಪುಟದಿಂದ ಅವರು 2024ರಿಂದ ಲೋಕಸಭೆಯಲ್ಲಿ ಯಾವ ವಿಷಯ ಎತ್ತಿದ್ದಾರೆಂದು ಸುಲಭವಾಗಿ ತಿಳಿಯಬಹುದು. ಅದೇ ನಿರೀಕ್ಷೆಯಿಂದ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರ ಪುಟ ತೆರೆದವರಿಗೆ ನಿರಾಸೆಯಾಗುತ್ತದೆ. ಸಚಿವರು ಹಾಜರಾತಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಸರ್ಕಾರದ ಭಾಗವಾದ್ದರಿಂದ ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರು 2019ರಲ್ಲಿ ಕೇಂದ್ರ ಸಚಿವರಾದ ಮೇಲೆ ಆ ಅಂಕಣಗಳಿಗೆ ಅರ್ಥ ಉಳಿದಿಲ್ಲ. ವಿಧಾನಸಭೆಯಲ್ಲಿಯೂ ಇದೇ ಕಥೆ: ಗದಗದ ಎಚ್.ಕೆ. ಪಾಟೀಲರು 2023ರಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾದ ಬಳಿಕ ಉತ್ತರ ಕೊಡುವ ಸಾಲಿಗೆ ಹೋದರು. ಪರಿಷತ್ತಿನಲ್ಲಿ 1980ರಿಂದ ಇರುವ ಬಸವರಾಜ ಹೊರಟ್ಟಿಯವರು ಸಭಾಪತಿಯಾಗಿ ಪೀಠದಲ್ಲಿ ಕುಳಿತಾಗ, ಮತಗಳು ಸಮವಾದರೆ ಮಾತ್ರ ನಿರ್ಣಾಯಕ ಮತ ಹಾಕುವ ಅಧಿಕಾರ ಅವರಿಗಿತ್ತು. ಅಂದರೆ ಪ್ರತಿನಿಧಿ ದೊಡ್ಡ ಹುದ್ದೆಗೆ ಏರಿದಷ್ಟೂ ಅವರನ್ನು ಅಳೆಯುವ ಅಂಕಿಗಳು ಕಡಿಮೆಯಾಗುತ್ತ ಹೋಗುತ್ತವೆ. ಅಂಕಿ ನೋಡಿ ಆಳಸಿ ಎಂದೋ ಚುರುಕು ಎಂದೋ ಹೇಳುವ ಮೊದಲು ಇದನ್ನು ಗಮನದಲ್ಲಿಡಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಹುಡುಕಿದ್ದು ಮತದ ದಾಖಲೆಯನ್ನು. ಯಾವ ವಿಧೇಯಕಕ್ಕೆ ನಮ್ಮ ಶಾಸಕರು ಹೌದು ಎಂದರು, ಯಾವುದಕ್ಕೆ ಬೇಡ ಎಂದರು ಎಂಬ ಒಂದು ಪಟ್ಟಿ ಎಲ್ಲಿಯಾದರೂ ಇರಲೇಬೇಕೆಂದು ನಂಬಿದ್ದೆ. ಅಂಥ ಪಟ್ಟಿ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ ಎಂಬುದು ತಿಳಿಯಲು ತಡವಾಯಿತು. ನಮ್ಮ ಸದನಗಳಲ್ಲಿ ಬಹುಪಾಲು ವಿಧೇಯಕಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ: ಪರವಾಗಿರುವವರು ಒಮ್ಮೆ, ವಿರೋಧಿಸುವವರು ಒಮ್ಮೆ ಕೂಗುತ್ತಾರೆ, ಸಭಾಧ್ಯಕ್ಷರು ಕಿವಿಯಿಂದಲೇ ತೂಗಿ ಅಂಗೀಕಾರವಾಯಿತೆಂದು ಪ್ರಕಟಿಸುತ್ತಾರೆ. ಆ ಕೂಗಿನಲ್ಲಿ ನಮ್ಮವರ ದನಿ ಯಾವುದಿತ್ತು, ಅಥವಾ ಆ ಹೊತ್ತಿಗೆ ಅವರು ಮೊಗಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರೋ, ಯಾವ ಕಡತದಲ್ಲಿಯೂ ಉಳಿಯುವುದಿಲ್ಲ. ಮತವಿಭಜನೆ ಬೇಕೆಂದು ಸದಸ್ಯರು ಪಟ್ಟು ಹಿಡಿದಾಗ ಅಥವಾ ಸಂವಿಧಾನ ತಿದ್ದುಪಡಿಯಂಥ ವಿಶೇಷ ಬಹುಮತದ ಸಂದರ್ಭದಲ್ಲಿ ಮಾತ್ರ ಎಣಿಕೆ ನಡೆಯುತ್ತದೆ. ಮಹಿಳಾ ಮೀಸಲಾತಿ ವಿಧೇಯಕಕ್ಕೆ 2023ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ 454 ಮತ ಪರ, 2 ಮತ ವಿರೋಧ ಬಂದವೆಂದು ನಮಗೆ ಗೊತ್ತಿರುವುದು ಹಾಗೆ ಎಣಿಸಿದ್ದರಿಂದ.

ಎಣಿಸಿದರೂ ಅದರಿಂದ ತಿಳಿಯುವುದು ಎಷ್ಟು ಎಂಬುದು ಬೇರೆ ಮಾತು. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಬಂದ ಮೇಲೆ, ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದವರ ಸ್ಥಾನವೇ ಹೋಗಬಹುದು. ಹಾವೇರಿ ಜಿಲ್ಲೆಯವರಿಗೆ ಪಕ್ಷಾಂತರ ನಿಷೇಧದ ಈ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. 2019ರ ಜುಲೈ 23ರಂದು ವಿಧಾನಸಭೆಯಲ್ಲಿ ಸದಸ್ಯರನ್ನು ಸಾಲುಸಾಲಾಗಿ ಎದ್ದು ನಿಲ್ಲಿಸಿ ಎಣಿಸಿ, ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಪರ 99, ವಿರುದ್ಧ 105 ಎಂದು ಪ್ರಕಟಿಸಿದ ಆ ಪ್ರಕರಣದಲ್ಲಿ ಅನರ್ಹಗೊಂಡ 17 ಶಾಸಕರ ಪೈಕಿ ಹಿರೇಕೆರೂರಿನವರೂ ರಾಣೇಬೆನ್ನೂರಿನವರೂ ಇದ್ದರು. ಅದೇ ಡಿಸೆಂಬರಿನಲ್ಲಿ ಎರಡೂ ಕಡೆ ಜನ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು. ಹೀಗಾಗಿ ಶಾಸಕರ ಮತವನ್ನು ತಿಳಿಯಲು ಅವರ ಪಕ್ಷ ಯಾವುದೆಂದು ತಿಳಿದರೆ ಸಾಕು. ನಮ್ಮ ಸದನದ ಸದಸ್ಯರನ್ನು ಮತದ ಪಟ್ಟಿಯಿಂದ ಅಳೆಯಲು ಹೊರಡುವುದು ಬರಿಗೊಡದಲ್ಲಿ ನೀರು ಹುಡುಕಿದಂತೆ. ಅವರು ತಮ್ಮ ಸ್ವಂತ ಮನಸ್ಸಿನಿಂದ ಮಾಡಬಹುದಾದ, ಯಾವ ವಿಪ್ಪೂ ತಡೆಯದ ಕೆಲಸವೊಂದಿದೆ: ಪ್ರಶ್ನೆ ಕೇಳುವುದು.

ಆದ್ದರಿಂದ ನನ್ನ ಮಟ್ಟಿಗೆ ಇದ್ದುದರಲ್ಲಿ ಅತ್ಯಂತ ಬೆಲೆಯುಳ್ಳ ತಾಣ ಕರ್ನಾಟಕ ವಿಧಾನಸಭೆಯದ್ದೇ. ನೋಟಕ್ಕೆ ಸಪ್ಪೆ, ಆದರೆ ಚುಕ್ಕೆ ಗುರುತಿನ ಮತ್ತು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಉತ್ತರಗಳು ಕನ್ನಡದಲ್ಲಿಯೇ ಅಲ್ಲಿ ಸಿಗುತ್ತವೆ. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ನಿಂತು ಹೇಳಬೇಕು, ಸದಸ್ಯರು ಉಪಪ್ರಶ್ನೆ ಹಾಕಬಹುದು. ಇನ್ನೊಂದಕ್ಕೆ ಲಿಖಿತ ಉತ್ತರವಷ್ಟೇ. ಹಾಳೆಯ ತಲೆಯಲ್ಲಿ ಪ್ರಶ್ನೆ ಸಂಖ್ಯೆ, ಮಾನ್ಯ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ. ಕೆಳಗೆ ಎರಡು ಕಾಲಮ್ಮು, ಎಡಕ್ಕೆ ಅ, ಆ, ಇ ಎಂದು ಪ್ರಶ್ನೆಯ ಭಾಗಗಳು, ಬಲಕ್ಕೆ ಉತ್ತರ. ಈ ಉತ್ತರಗಳ ಭಾಷೆಗೆ ಸ್ವಲ್ಪ ಒಗ್ಗಿಕೊಳ್ಳಬೇಕಾಗುತ್ತದೆ. “ಸರ್ಕಾರದ ಗಮನಕ್ಕೆ ಬಂದಿದೆಯೇ?” ಎಂದರೆ “ಬಂದಿದೆ” ಎಂಬ ಒಂದೇ ಪದ. “ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?” ಎಂದರೆ “ಅನುದಾನದ ಲಭ್ಯತೆಯನ್ನು ಆಧರಿಸಿ ಪರಿಶೀಲಿಸಲಾಗುವುದು”. ಕೊನೆಯದಕ್ಕೆ “ಉದ್ಭವಿಸುವುದಿಲ್ಲ”. ಮೇಲ್ನೋಟಕ್ಕೆ ಇದರಲ್ಲಿ ಹುರುಳಿಲ್ಲ ಎನಿಸಿದರೂ, ಸಮಸ್ಯೆ ಗಮನಕ್ಕೆ ಬಂದಿದೆ ಎಂದು ಸರ್ಕಾರ ದಿನಾಂಕ ಸಮೇತ ಬರೆದುಕೊಟ್ಟ ಒಂದು ಹಾಳೆ ಅರ್ಜಿ ಬರೆಯುವವನಿಗೆ ಎಷ್ಟು ಬಲವೆಂಬುದು ಅರ್ಜಿ ಬರೆದವರಿಗೇ ಗೊತ್ತು. ಅಧಿವೇಶನದಿಂದ ಅಧಿವೇಶನಕ್ಕೆ ತಿರುವಿ ಹಾಕುತ್ತ ಹೋಗಬೇಕು, ತಾಳ್ಮೆ ಬೇಕು. ಹಳ್ಳದ ಹೂಳು ಮತ್ತು ಬೆಳೆಹಾನಿಯ ಬಗ್ಗೆ ನಮ್ಮ ಶಾಸಕರು ಕೇಳಿದ್ದ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೊನೆಗೂ ಸಿಕ್ಕಿತು. ನಿಜ ಹೇಳಬೇಕೆಂದರೆ, ಅವರ ಬಗ್ಗೆ ನನಗಿದ್ದ ಅಭಿಪ್ರಾಯ ಆ ರಾತ್ರಿ ಸ್ವಲ್ಪ ಬದಲಾಯಿತು.

ಆಶ್ಚರ್ಯವೆಂದರೆ, ಅವರದೇ ಫೇಸ್‌ಬುಕ್ ಪುಟದಲ್ಲಿ ಆ ಪ್ರಶ್ನೆಯ ಸುಳಿವೂ ಇಲ್ಲ. ಅಲ್ಲಿರುವುದು ಬೇರೆಯೇ ಲೋಕ. ಬೆಳಗ್ಗೆ ಹುಟ್ಟುಹಬ್ಬದ ಶುಭಾಶಯ, ಮಧ್ಯಾಹ್ನ ಭಾವಪೂರ್ಣ ಶ್ರದ್ಧಾಂಜಲಿ, ಸಂಜೆ ಯಾವುದೋ ಊರಿನ ಜಾತ್ರೆಯಲ್ಲಿ ಶಾಲು ಹೊದ್ದ ಫೋಟೋ. ಸಿಸಿ ರಸ್ತೆಗೆ ಭೂಮಿಪೂಜೆಯಾದರೆ ಡ್ರೋನಿನಿಂದ ತೆಗೆದ ರೀಲ್ಸು ಬರುತ್ತದೆ: ಹಿನ್ನೆಲೆಗೆ ಡೊಳ್ಳಿನ ಸದ್ದು, ಕುಂಕುಮ ಹಚ್ಚಿದ ಹೊಸ ಗುದ್ದಲಿ, ಸುತ್ತ ಹತ್ತಾರು ಕೈಗಳು, “ಮುಖಂಡರು, ಕಾರ್ಯಕರ್ತರು ಉಪಸ್ಥಿತರಿದ್ದರು” ಎಂಬ ಒಕ್ಕಣೆ. ರಸ್ತೆಯ ಮೊತ್ತ ಇರುತ್ತದೆ; ಎಷ್ಟು ಉದ್ದ, ಗುತ್ತಿಗೆದಾರರು ಯಾರು, ಯಾವಾಗ ಮುಗಿಯಬೇಕು ಎಂಬುದು ಇರುವುದಿಲ್ಲ. ಮುಗಿದ ರಸ್ತೆಯ ಫೋಟೋಗಳಿಗಿಂತ ಆರಂಭದ ಪೂಜೆಯ ಫೋಟೋಗಳೇ ಹೆಚ್ಚು. ಪ್ರತಿಕ್ರಿಯೆಗಳಲ್ಲಿ ಕೈಮುಗಿದ ಚಿಹ್ನೆಗಳ ನಡುವೆ ಅಲ್ಲೊಂದು ಇಲ್ಲೊಂದು “ಸಾಹೇಬ್ರ, ನಮ್ಮ ಓಣಿ ಗಟಾರ ಒಮ್ಮಿ ಬಂದು ನೋಡ್ರಿ” ಎಂಬಂಥ ಸಾಲು ಕಾಣಿಸುತ್ತದೆ, ಉತ್ತರವಿರುವುದಿಲ್ಲ. ನಾನೂ ಒಂದು ದಿನ ನೀರು ನಿಂತ ಹೊಲದ ಫೋಟೋ ಹಾಕಿ, ಹೂಳೆತ್ತುವ ಕೆಲಸ ಎಲ್ಲಿಗೆ ಬಂತೆಂದು ವಿನಯದಿಂದಲೇ ಕೇಳಿದೆ. ನನ್ನ ಫೋನಿನಲ್ಲಿ ಅದು ಕಾಣುತ್ತಲೇ ಇತ್ತು. ಮನೆಯವರ ಫೋನಿನಲ್ಲಿ ನೋಡಿದರೆ ಇರಲಿಲ್ಲ. ನನಗೊಬ್ಬನಿಗೇ ಕಾಣುವಂತೆ ಮುಚ್ಚಿಟ್ಟಿದ್ದರು. ಪುಟ ನೋಡಿಕೊಳ್ಳುವ ಹುಡುಗರ ಕೆಲಸವೋ, ಸಾಹೇಬರಿಗೆ ತಿಳಿದೇ ಆದದ್ದೋ, ಬೇಸರವಂತೂ ಆಯಿತು.

ಪುಟದಲ್ಲಿ ಕಾಣದ ಇನ್ನೊಂದು ವಿಷಯ ಹಣದ ಲೆಕ್ಕ. ಪ್ರತಿ ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ, ಸಂಸದರಿಗೆ 5 ಕೋಟಿ. ಬಸ್ ತಂಗುದಾಣ, ಸಮುದಾಯ ಭವನಗಳ ಮೇಲೆ ದೊಡ್ಡ ಅಕ್ಷರದ ಫಲಕ ಕಾಣುತ್ತದೆಯೇ ಹೊರತು, ವರ್ಷಪೂರ್ತಿ ಯಾವ ಊರಿಗೆ ಎಷ್ಟು ಹೋಯಿತೆಂಬ ಪಟ್ಟಿ ಪುಟದಲ್ಲಿಲ್ಲ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ದಾರಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಮುಗಿಯಬೇಕು, ಆದ್ದರಿಂದ ಪೀಠಿಕೆ ಹಾಕದೆ ನೇರವಾಗಿ ಕೇಳುವುದು ಒಳ್ಳೆಯದು.

ಇಷ್ಟಾದರೂ ಆ ಫೇಸ್‌ಬುಕ್ ಪುಟವನ್ನು ನಾನು ಫಾಲೋ ಮಾಡುವುದನ್ನು ಬಿಟ್ಟಿಲ್ಲ. ಜನಸಂಪರ್ಕ ಸಭೆ ಯಾವ ದಿನ, ಯಾವ ಊರಿನಲ್ಲಿ ಎಂಬ ಸುದ್ದಿ ಎಲ್ಲಕ್ಕಿಂತ ಮೊದಲು ಅಲ್ಲಿಯೇ ಬರುತ್ತದೆ. ಪ್ರಶ್ನೋತ್ತರದ ಹಾಳೆಯನ್ನು ಪ್ರಿಂಟ್ ತೆಗೆಸಿ ಊರಿಗೆ ಒಯ್ದಾಗ ಮಾವನವರು ಕನ್ನಡಕ ಏರಿಸಿಕೊಂಡು ಎರಡೂ ಕಾಲಮ್ಮು ಓದಿದರು, “ಪರಿಶೀಲಿಸಲಾಗುವುದು” ಎಂಬಲ್ಲಿ ಬೆರಳಿಟ್ಟು, “ಇದು ಯಾವ ವರ್ಷದ್ದು?” ಎಂದು ಕೇಳಿದರು. ಹೇಳಿದೆ. ಹಾಳೆಯನ್ನು ಮಡಚಿ ಹೊಲದ ಉತಾರ ಇಡುವ ಫೈಲಿಗೆ ಸೇರಿಸಿ, ಮುಂದಿನ ಸಭೆ ಯಾವ ಊರಾಗ ಐತಿ ಅಂತ ಆ ಫೋನಿನಾಗ ನೋಡಿ ಹೇಳ್ರಿ ಎಂದರು.