ಎಫ್‌6 ಎಚ್‌ಪಿಎಸ್ ಡಯಲೈಸರ್: ಎಳೆ ಚೆನ್ನಾಗಿದೆ, ಪ್ರೈಮಿಂಗ್‌ನಲ್ಲಿ ಅವಸರ ಬೇಡ

ಗದಗ, ನವಲಗುಂದ, ಶಿಗ್ಗಾವಿ ಕಡೆಯಿಂದ ವಾರಕ್ಕೆರಡು ಸಲ ಬಸ್ ಹತ್ತಿ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಬರುವವರು ಮಷಿನ್ ಹೊಸದೇ ಎಂದು ವಿಚಾರಿಸುತ್ತಾರೆ. ರಕ್ತ ಸೋಸುವ ಡಯಲೈಸರ್ ಯಾವುದು ಎಂದೂ ವಿಚಾರಿಸಬೇಕು. ನಾಲ್ಕು ತಾಸು ರಕ್ತ ಹರಿಯುವುದು ಅದರ ಪ್ಲಾಸ್ಟಿಕ್ ಎಳೆಗಳೊಳಗೇ.

ಫ್ರೆಸೇನಿಯಸ್ ಕಂಪನಿಯ ಎಫ್‌6 ಎಚ್‌ಪಿಎಸ್ ಡಯಲೈಸರಿನ ಪೊರೆ ಪಾಲಿಸಲ್ಫೋನಿನದು, ವಿಸ್ತೀರ್ಣ 1.3 ಚದರ ಮೀಟರ್. ಎಳೆಯ ಒಳವ್ಯಾಸ 200 ಮೈಕ್ರಾನ್, ಗೋಡೆ 40. ಹಿಂದಿನ ಕ್ಯುಪ್ರೋಫೇನ್ ಪೊರೆ ಸೆಲ್ಯುಲೋಸಿನದು. ಅದರ ಹೈಡ್ರಾಕ್ಸಿಲ್ ಗುಂಪುಗಳು ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನುಗಳ ವ್ಯವಸ್ಥೆಯನ್ನು ಕೆರಳಿಸಿ, ಮೊದಲ ಅರ್ಧ ತಾಸಿನೊಳಗೇ ಬಿಳಿ ರಕ್ತಕಣ ಇಳಿಯುತ್ತಿದ್ದವು. ಇಲ್ಲಿ ಆ ಕಾಟ ಬಹಳ ಕಡಿಮೆ. ಬರೀ ಪಾಲಿಸಲ್ಫೋನ್ ನೀರಿಗೆ ಒಗ್ಗುವುದಿಲ್ಲ, ಪ್ರೋಟೀನ್ ಅಂಟಿಸಿಕೊಳ್ಳುತ್ತದೆ. ಅದಕ್ಕೇ ಪಾಲಿವಿನೈಲ್‌ಪಿರೊಲಿಡೋನ್ ಬೆರೆಸುತ್ತಾರೆ.

ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಹಬೆಯ ಸ್ಟೆರಿಲೈಸೇಷನ್. ಎಥಿಲೀನ್ ಆಕ್ಸೈಡ್ ಬಳಸಿದರೆ ಎಳೆಗಳ ತುದಿ ಹಿಡಿದಿಡುವ ಪಾಲಿಯುರೆಥೇನ್ ಆ ಅನಿಲವನ್ನು ಹೀರಿಟ್ಟುಕೊಳ್ಳುತ್ತದೆ, ತೊಳೆಯುವುದು ಸಾಲದಿದ್ದರೆ ಶುರುವಿನಲ್ಲೇ ತುರಿಕೆ, ಉಬ್ಬಸ. ಆದರೆ ರಕ್ತದ ಟ್ಯೂಬ್ ಸೆಟ್ ಆ ಅನಿಲದಲ್ಲೇ ತಯಾರಾಗಿರಬಹುದು. ಹಾಗಾಗಿ ಒಂದು ಲೀಟರ್ ಸಲೈನ್ ಪೂರ್ತಿ ಹರಿಸಲೇಬೇಕು.

ಕೆಡುವುದು ಇಲ್ಲಿಯೇ. ಪ್ರೈಮ್ ಮಾಡುವಾಗ, ಅಂದರೆ ಸಲೈನ್ ಹರಿಸಿ ಎಳೆಗಳ ಗಾಳಿ ಹೊರಡಿಸುವಾಗ, ರಕ್ತ ಒಳಬರುವ ಕೆಂಪು ತುದಿ ಕೆಳಗಿರಲಿ, ಪಂಪ್ ವೇಗ ನಿಮಿಷಕ್ಕೆ 150 ಮಿಲಿ ದಾಟದಿರಲಿ, ಅಂಗೈಯಿಂದ ಮೆತ್ತಗೆ ತಟ್ಟುತ್ತಿರಿ. ಗಾಳಿ ಉಳಿದ ಎಳೆಗೆ ರಕ್ತ ಹೋಗುವುದಿಲ್ಲ; ಗಾಳಿ ತಾಗಿದ ಕಡೆ ಹೆಪ್ಪೂ ಬೇಗ. ಹೆಪ್ಪು ತಡೆಯುವ ಹೆಪಾರಿನ್ ಎಷ್ಟು ಕೊಟ್ಟರೂ ಈ ತಪ್ಪು ಮುಚ್ಚುವುದಿಲ್ಲ. ಕೊನೆಗೆ ರಕ್ತ ಹಿಂತಿರುಗಿಸಿದ ಮೇಲೆ ಬೆಳಕಿಗೆ ಹಿಡಿದು ನೋಡಿ: ಬಿಳಿ ಕಂತೆಯ ನಡುವೆ ಕಡುಗೆಂಪು ಗೆರೆ ಕಂಡರೆ ಅಷ್ಟು ಎಳೆ ಹೋದವು ಎಂದೇ ಲೆಕ್ಕ.

ಮರುಬಳಕೆ ಮಾಡುವ ಕೇಂದ್ರವಾದರೆ ಎಳೆಗಳೊಳಗಿನ ಪರಿಮಾಣ ಅಳೆಯುತ್ತಾರೆಯೇ ಎಂದು ಕೇಳಿ. ಹೊಸದರಲ್ಲಿ 78 ಮಿಲಿ, ಶೇ. 80 ಎಂದರೆ 62 ಮಿಲಿ. ಅದಕ್ಕಿಂತ ಇಳಿದರೆ ಎಸೆಯಬೇಕು. ಕ್ರಿಮಿನಾಶಕವಾಗಿ ಬಳಸಿದ ಪೆರಾಸಿಟಿಕ್ ಆಮ್ಲ ಉಳಿದಿಲ್ಲವೆಂದು ಪ್ರತಿ ಸಲ ಸ್ಟ್ರಿಪ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು, ಇದರಲ್ಲಿ ರಿಯಾಯಿತಿಯೇ ಇಲ್ಲ.

ಕೊರತೆ ಒಂದಿದೆ. ಇದು ಲೋ ಫ್ಲಕ್ಸ್, ಅಂದರೆ ಪೊರೆಯ ರಂಧ್ರ ಸಣ್ಣ. 60 ಡಾಲ್ಟನ್ (ಅಣುತೂಕದ ಅಳತೆ) ಯೂರಿಯಾ ಸಲೀಸಾಗಿ ಹೋಗುತ್ತದೆ, 11,800 ಡಾಲ್ಟನ್‌ನ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಹೋಗುವುದಿಲ್ಲ. ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿರುವವರಿಗೆ ಅದು ಕೀಲುಗಳಲ್ಲಿ ಕೂರುತ್ತದೆ. ಅಂಥವರು ರಂಧ್ರ ದೊಡ್ಡದಾದ ಹೈ ಫ್ಲಕ್ಸ್ ಬಗ್ಗೆ ಮೂತ್ರಪಿಂಡ ತಜ್ಞರ (ನೆಫ್ರಾಲಜಿಸ್ಟ್) ಹತ್ತಿರ ಮಾತಾಡಲಿ, ಆದರೆ ಅದಕ್ಕೆ ಕೇಂದ್ರದ ಆರ್‌ಒ ನೀರು ಇನ್ನೂ ಶುದ್ಧವಾಗಿರಬೇಕು.